ಕೆಲಸಕ್ಕೆಂದು ನುಡಿಸಿದ ಆರ್ಗನ್

ಭಯಾನಕ ಚಲನಚಿತ್ರವೆಂದರೆ ನಮ್ಮ ಮನೆಗಳಲ್ಲಿ ಹಿರಿಯರು ಮುಖ ಸಿಂಡರಿಸುತ್ತಾರೆ; ಕಿರಿಯರು ಹಿರಿಯರು ಮಲಗುವುದನ್ನೇ ಕಾದಿದ್ದು ನೋಡುತ್ತಾರೆ. ಹೀಗಾಗಿ ಅಂತಹ ಚಿತ್ರವನ್ನು ಕುರಿತು ಮನೆಮಂದಿ ಕೂಡಿ ಕುಳಿತು ಮಾತನಾಡುವ ಸಂದರ್ಭವೇ ಒದಗುವುದಿಲ್ಲ. ಆದರೆ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಅಲ್ಪ ಬಂಡವಾಳದ ಹಳೆಯ ಭಯಾನಕ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುವ, ಅವುಗಳ ವಿಷಯವಾಗಿ ಗಂಟೆಗಟ್ಟಲೆ ಹರಟುವ ಅಭಿಮಾನಿಗಳ ದೊಡ್ಡದೊಂದು ಬಳಗವೇ ಇದೆ. ಇಂತಹ ಚಿತ್ರಗಳಿಗೆ ಅವರು ಇಟ್ಟಿರುವ ಹೆಸರು 'ಕಲ್ಟ್ ಚಿತ್ರ'. ಆರಾಧನೆ ಎಂಬ ಅರ್ಥವುಳ್ಳ ಲತೀನ್ ಶಬ್ದದಿಂದ ಹುಟ್ಟಿದ ಮಾತು ಅದು. ನಡುರಾತ್ರಿಯ ಪ್ರದರ್ಶನಗಳಿಗೆ ತಪ್ಪದೆ ಹಾಜರಾಗಿ, ಪಾತ್ರಗಳ ಮಾತನ್ನು ತಾವೂ ಒಟ್ಟಾಗಿ ಹೇಳುವ ಅವರ ಶ್ರದ್ಧೆಯನ್ನು ಗಮನಿಸಿದರೆ ಆ ಹೆಸರು ಅಷ್ಟೇನೂ ಅತಿಶಯವೆನಿಸದು.

ಈ ಅಭಿಮಾನಿಗಳ ಮಾತುಕತೆಗೆ ತನ್ನದೇ ಆದ ಸೊಗಸಿದೆ. 1968ರಲ್ಲಿ ಪಿಟ್ಸ್‌ಬರ್ಗ್ ನಗರದ ಜಾರ್ಜ್ ರೊಮೆರೊ ತನ್ನ ಗೆಳೆಯರೊಡನೆ ತೆಗೆದ 'ನೈಟ್ ಆಫ್ ದ ಲಿವಿಂಗ್ ಡೆಡ್' ಚಿತ್ರದಲ್ಲಿ ನೆತ್ತರಿನ ಬದಲು ಚಾಕೊಲೇಟ್ ಪಾಕವನ್ನು ಸುರಿದರೆಂಬುದು ಅವರಿಗೆ ಕಂಠಪಾಠ. ಹಣವಿಲ್ಲದವರು ಹೇಗೆ ಹೆದರಿಸಿದರು ಎಂಬ ಕುತೂಹಲ ಅವರದು. ಬಡತನದ ಜಾಣ್ಮೆಯನ್ನು ಮೆಚ್ಚುವುದರಲ್ಲಿ ತಪ್ಪೇನಿಲ್ಲ. ಆದರೆ ಚಿತ್ರ ಹೇಗೆ ತಯಾರಾಯಿತೆಂಬ ಮಾತು ಮುಗಿದ ಮೇಲೆ, ಅದು ಏನು ಹೇಳುತ್ತಿದೆ ಎಂಬ ಪ್ರಶ್ನೆ ಬರಬೇಕಲ್ಲವೇ? ಅನೇಕ ವೇಳೆ ಅಭಿಮಾನಿಗಳು ಆ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ನಮ್ಮಂಥವರಾದರೋ ಅಷ್ಟು ದೂರವೂ ಬರುವುದಿಲ್ಲ. ಅವರು ಬಹುವಾಗಿ ಕೊಂಡಾಡುವ, ನಮಗೆ ಹೊರಗಿನದಲ್ಲವೆಂದು ನಾನು ಭಾವಿಸುವ ಚಿತ್ರವೊಂದನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ. 1962ರ 'ಕಾರ್ನಿವಲ್ ಆಫ್ ಸೋಲ್ಸ್', ಅಂದರೆ ಆತ್ಮಗಳ ಜಾತ್ರೆ. ಅದರ ನಾಯಕಿ ದೇವಾಲಯವೊಂದರಲ್ಲಿ ಆರ್ಗನ್ ನುಡಿಸುವವಳು.

ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಸೆಂಟ್ರಾನ್ ಎಂಬ ಸಂಸ್ಥೆಯಿತ್ತು. ಶಾಲೆಗಳಿಗೂ ಕಾರ್ಖಾನೆಗಳಿಗೂ ಬೇಕಾದ ಬೋಧಕ ಚಿತ್ರಗಳನ್ನು ತಯಾರಿಸುವುದು ಅದರ ಉದ್ಯೋಗ. ಅಲ್ಲಿ ನಿರ್ದೇಶಕನಾಗಿದ್ದ ಹರ್ಕ್ ಹಾರ್ವಿ ಒಮ್ಮೆ ಯೂಟಾ ರಾಜ್ಯದ ದಾರಿಯಾಗಿ ಕಾರಿನಲ್ಲಿ ಬರುತ್ತಿದ್ದಾಗ, ಉಪ್ಪಿನ ಸರೋವರದ ದಂಡೆಯಲ್ಲಿ ಪಾಳುಬಿದ್ದ ಗುಮ್ಮಟಗಳ ವಿಹಾರಮಂದಿರವನ್ನು ಕಂಡ. ಅದರ ಹೆಸರು ಸಾಲ್ಟೇರ್. 1893ರಲ್ಲಿ ಮೊರ್ಮನ್ ಸಭೆಯ ಒತ್ತಾಸೆಯಿಂದ, ಕುಟುಂಬಗಳು ಸಭ್ಯವಾಗಿ ಕಾಲ ಕಳೆಯಲೆಂದೇ ಅಲ್ಲಿ ವಿಹಾರಧಾಮವೊಂದನ್ನು ನಿರ್ಮಿಸಲಾಗಿತ್ತು. 1925ರಲ್ಲಿ ಅದು ಬೆಂಕಿಗೆ ಆಹುತಿಯಾಗಿ, ಮತ್ತೆ ಎದ್ದು, 1950ರ ದಶಕದ ಕೊನೆಗೆ ಬಾಗಿಲು ಮುಚ್ಚಿತ್ತು. ಆ ಖಾಲಿ ನೃತ್ಯಶಾಲೆಯಲ್ಲಿ ಸತ್ತವರು ಕುಣಿಯುವ ದೃಶ್ಯ ಕೊನೆಯಲ್ಲಿರಲಿ, ಉಳಿದುದನ್ನು ನಿನ್ನ ಇಷ್ಟದಂತೆ ಬರೆ ಎಂದು ಹಾರ್ವಿ ತನ್ನ ಸಹೋದ್ಯೋಗಿ ಜಾನ್ ಕ್ಲಿಫರ್ಡನಿಗೆ ಹೇಳಿದನಂತೆ. ಮೂರು ವಾರಗಳ ರಜೆ, ಸ್ಥಳೀಯ ವ್ಯಾಪಾರಿಗಳು ಕೊಟ್ಟ ಹಣ, ಬೆರಳೆಣಿಕೆಯ ಸಹಾಯಕರು. ಒಟ್ಟು ವೆಚ್ಚ ಸುಮಾರು 33,000 ಡಾಲರ್. ನಾಯಕಿ ಮೇರಿ ಹೆನ್ರಿಯಾಗಿ ನಟಿಸಿದ ಕ್ಯಾಂಡಿಸ್ ಹಿಲಿಗಾಸ್ ನ್ಯೂಯಾರ್ಕಿನಿಂದ ಬಂದವರು. ಅವಳನ್ನು ಬೆನ್ನಟ್ಟುವ ಬಿಳಿಚಿದ ಮುಖದ ಗಂಡಸಿನ ಪಾತ್ರವನ್ನು ಹಾರ್ವಿಯೇ ವಹಿಸಿದ. ಅವನು ನಿರ್ದೇಶಿಸಿದ ಏಕೈಕ ಕಥಾಚಿತ್ರವಿದು.

ಕಥೆ ಸರಳ. ಹುಡುಗರ ಕಾರಿನೊಡನೆ ಪಂದ್ಯಕ್ಕಿಳಿದ ಮೂವರು ಯುವತಿಯರ ಕಾರು ಸೇತುವೆಯಿಂದ ನದಿಗೆ ಉರುಳುತ್ತದೆ. ಗಂಟೆಗಳು ಕಳೆದ ಮೇಲೆ ಮೇರಿಯೊಬ್ಬಳು ಕೆಸರು ಮೆತ್ತಿದ ಮೈಯಲ್ಲಿ ಮರಳದಿಣ್ಣೆಯ ಮೇಲೆ ತಡವರಿಸುತ್ತ ಎದ್ದುಬರುತ್ತಾಳೆ. ಹೇಗೆ ಬದುಕಿದೆನೆಂಬುದು ಅವಳಿಗೂ ತಿಳಿಯದು. ಕೆಲವೇ ದಿನಗಳಲ್ಲಿ ಯೂಟಾದ ದೇವಾಲಯವೊಂದರ ಆರ್ಗನ್ ವಾದಕಿಯ ಕೆಲಸಕ್ಕೆ ಹೊರಡುತ್ತಾಳೆ. ಹೊರಡುವ ಮುನ್ನ ಆರ್ಗನ್ ಕಾರ್ಖಾನೆಯಲ್ಲಿ ಅವಳು ನುಡಿಸುವುದನ್ನು ಕೇಳಿದ ಹಿರಿಯನೊಬ್ಬ, ನುಡಿಸುವಾಗ ಒಂದಿಷ್ಟು ಆತ್ಮವನ್ನೂ ಸೇರಿಸಮ್ಮ ಎಂಬರ್ಥದ ಬುದ್ಧಿಮಾತು ಹೇಳುತ್ತಾನೆ. ತಾನು ವ್ರತ ಸ್ವೀಕರಿಸಲು ಹೋಗುತ್ತಿಲ್ಲ, ಆರ್ಗನ್ ನುಡಿಸಲಷ್ಟೇ ಹೋಗುತ್ತಿದ್ದೇನೆ ಎಂಬುದು ಅವಳ ಉತ್ತರ.

ಈ ಉತ್ತರದ ಮೇಲೆ ಇಡೀ ಚಿತ್ರ ನಿಂತಿದೆ ಎಂದು ನನ್ನ ಅಭಿಪ್ರಾಯ. ಮೇರಿ ಕೆಲಸಗಳ್ಳಿಯಲ್ಲ. ಅವಳ ಬೆರಳು ತಪ್ಪುವುದಿಲ್ಲ. ಹೊಸ ಊರಿನ ಸಭಾಪಾಲಕರು ಮೊದಲ ದಿನವೇ ಅವಳ ವಾದನಕ್ಕೆ ಮನಸೋಲುತ್ತಾರೆ. ಸಭೆಯವರ ಪರಿಚಯಕ್ಕಾಗಿ ಸತ್ಕಾರಕೂಟವೊಂದನ್ನು ಏರ್ಪಡಿಸೋಣವೇ ಎನ್ನುತ್ತಾರೆ. ಅದು ಬೇಡವೆಂದು ಅವಳು ಕೇಳಿಕೊಳ್ಳುತ್ತಾಳೆ. ಮನುಷ್ಯಕುಲದಿಂದ ದೂರವಾಗಿ ಬಾಳಲಾಗದಮ್ಮ ಎಂದು ಅವರು ಮೃದುವಾಗಿ ಎಚ್ಚರಿಸುತ್ತಾರೆ. ಒಳ್ಳೆಯ ಮಾತೇ. ಆದರೆ ಆ ಮಾತನ್ನು ಹೇಳಿದವರು ಮುಂದೆ ಏನು ಮಾಡಿದರೆಂಬುದನ್ನು ನೋಡಬೇಕು.

ಒಂದು ರಾತ್ರಿ ಮೇರಿ ಒಬ್ಬಳೇ ದೇವಾಲಯದಲ್ಲಿ ಅಭ್ಯಾಸಕ್ಕೆ ಕುಳಿತಿದ್ದಾಳೆ. ಬೆರಳುಗಳು ಗೀತೆಯನ್ನು ಬಿಟ್ಟು ಮತ್ತಾವುದೋ ವಿಕಾರವಾದ, ಸುತ್ತಿ ಸುತ್ತಿ ಬರುವ ರಾಗದತ್ತ ಜಾರುತ್ತವೆ. ಸರೋವರದಿಂದ ಸತ್ತವರು ಏಳುವುದು, ಸಾಲ್ಟೇರಿನ ಮಂಕು ದೀಪಗಳ ಕೆಳಗೆ ಅವರು ಜೋಡಿಜೋಡಿಯಾಗಿ ತಿರುಗುವುದು ಅವಳ ಕಣ್ಣಮುಂದೆ ಬರುತ್ತದೆ. ಹಠಾತ್ತನೆ ಎರಡು ಕೈಗಳು ಅವಳ ಕೈಗಳ ಮೇಲೆ ಬೀಳುತ್ತವೆ. ಅವು ಸಭಾಪಾಲಕರ ಕೈಗಳು. ಇದು ದೈವದೂಷಣೆ ಎಂದು ಗದರಿ, ಅವಳ ರಾಜೀನಾಮೆಯನ್ನು ಅವರು ಅಲ್ಲೇ ಕೇಳುತ್ತಾರೆ. ಸಭೆಯ ನೆರವನ್ನು ಮಾತ್ರ ನಿರಾಕರಿಸಬೇಡವೆಂಬ ಮಾತನ್ನೂ ಸೇರಿಸುತ್ತಾರೆ. ಜೀನ್ ಮೂರ್ ರಚಿಸಿದ ಆರ್ಗನ್ ಸಂಗೀತದ ಬಲ ಇಲ್ಲಿ ಪೂರ್ಣವಾಗಿ ಪ್ರಕಟವಾಗುತ್ತದೆ. ಚಿತ್ರಕ್ಕೆಲ್ಲ ಆಧಾರವಾದ ವಾದ್ಯ ಅದೊಂದೇ. ದೇವಾಲಯದಲ್ಲೂ ಅದೇ, ಜಾತ್ರೆಯಲ್ಲೂ ಅದೇ. ಯಾವುದು ಸ್ತುತಿ, ಯಾವುದು ಮೋಜು ಎಂದು ಕಿವಿಯೊಂದರಿಂದಲೇ ನಿರ್ಣಯಿಸುವುದು ಕಷ್ಟ.

ವಿಶ್ವಾಸವಿಲ್ಲದ ಹೆಣ್ಣಿಗೆ ಬಿದ್ದ ಶಿಕ್ಷೆಯ ಕಥೆಯಿದು ಎಂದು ಅರ್ಥೈಸುವ ಆಸೆ ನಮ್ಮಂತಹ ಓದುಗರಿಗೆ ಸಹಜ. ಅದನ್ನು ನಾನು ಒಪ್ಪಲಾರೆ. ಈ ಚಿತ್ರದಲ್ಲಿ ಮೇರಿಯ ಸುತ್ತ ಮೂವರು ಗಂಡಸರಿದ್ದಾರೆ. ಸಭಾಪಾಲಕರಿಗೆ ಅವಳ ಸಂಗೀತ ಬೇಕು. ದಾರಿಯಲ್ಲಿ ಸಿಕ್ಕ ವೈದ್ಯನಿಗೆ ಅವಳ ಮನಸ್ಸೊಂದು ಬಿಡಿಸಬೇಕಾದ ಒಗಟು. ಪಕ್ಕದ ಕೋಣೆಯ ಬಾಡಿಗೆದಾರ ಜಾನ್ ಲಿಂಡೆನ್‌ಗೆ ಅವಳ ದೇಹದ ಮೇಲೆ ಕಣ್ಣು. ಈ ಕೊನೆಯ ಪಾತ್ರವನ್ನು ಸಿಡ್ನಿ ಬರ್ಗರ್ ಎಷ್ಟು ನೈಜವಾಗಿ ಅಭಿನಯಿಸಿದ್ದಾನೆಂದರೆ, ಬಿಳಿಮುಖದ ಪ್ರೇತಕ್ಕಿಂತ ಬೆಳಗಿನ ಕಾಫಿ ಹಿಡಿದು ಬಾಗಿಲು ತಟ್ಟುವ ಈ ಮನುಷ್ಯನೇ ಹೆಚ್ಚು ಅಸಹ್ಯವೆನಿಸುತ್ತಾನೆ. ಅವಳಿಂದ ಏನನ್ನೂ ಬಯಸದೆ ಅವಳ ಬಳಿ ಕುಳಿತವರು ಯಾರೂ ಇಲ್ಲ. ತನಗೆ ಯಾರೂ ಬೇಡವೆಂದವಳು ಒಂದು ರಾತ್ರಿ ಒಂಟಿಯಾಗಿರಲಾರದೆ ಆ ಲಿಂಡೆನ್‌ನನ್ನೇ ಬಿಟ್ಟುಹೋಗಬೇಡವೆಂದು ಬೇಡಿಕೊಳ್ಳುತ್ತಾಳೆ; ಅವಳ ಭೀತಿಯನ್ನು ಕಂಡೊಡನೆ ಅವನೂ ಜಾರಿಕೊಳ್ಳುತ್ತಾನೆ.

ಚಿತ್ರದ ನಿಜವಾದ ಭಯ ಪ್ರೇತಗಳಲ್ಲಿಲ್ಲ. ಬಟ್ಟೆಯಂಗಡಿಯಲ್ಲಿ ಮೇರಿ ಉಡುಪನ್ನು ಹಾಕಿ ನೋಡುತ್ತಿರುವಾಗ ಲೋಕದ ಸದ್ದೆಲ್ಲ ಒಮ್ಮೆಗೇ ನಿಂತುಹೋಗುತ್ತದೆ. ಅವಳು ಮಾತನಾಡುತ್ತಾಳೆ, ಅಂಗಡಿಯವಳಿಗೆ ಕೇಳಿಸದು, ಕಾಣಿಸದು. ಬೀದಿಯಲ್ಲಿ ಜನರು ಅವಳ ಪಕ್ಕದಲ್ಲೇ ಹಾದುಹೋಗುತ್ತಾರೆ. ಉದ್ಯಾನದಲ್ಲಿ ಹಕ್ಕಿಯ ದನಿ ಕೇಳಿದಾಗಲೇ ಅವಳು ಮತ್ತೆ ಲೋಕಕ್ಕೆ ಮರಳುವುದು. ಇದಕ್ಕೆ ತಗುಲಿದ ಖರ್ಚು ಏನೂ ಇಲ್ಲ, ಧ್ವನಿಯನ್ನು ತೆಗೆದುಹಾಕಿದ್ದಷ್ಟೇ. ನಮ್ಮ ಧರ್ಮಕೇಂದ್ರಗಳಲ್ಲೂ ಕೀಬೋರ್ಡ್ ನುಡಿಸುವವರು, ಗಂಟೆ ಹೊಡೆಯುವವರು, ಗುಡಿಸುವವರು ಇದ್ದಾರೆ. ಪ್ರತಿ ಭಾನುವಾರ ಅವರ ಕೆಲಸ ನಮ್ಮ ಕಣ್ಣಿಗೆ ಕಿವಿಗೆ ಬೀಳುತ್ತದೆ. ಅವರ ಮುಖವನ್ನು ನೋಡಿ ಎಷ್ಟು ವಾರಗಳಾದವು?

ಕುಂದುಗಳೂ ಇವೆ. ಮಾತುಗಳನ್ನು ಎಷ್ಟೋ ಕಡೆ ನಂತರ ಸೇರಿಸಿದ್ದು ತುಟಿಯ ಚಲನೆಯಿಂದಲೇ ಗೊತ್ತಾಗುತ್ತದೆ. ವೈದ್ಯನ ಮನಶ್ಶಾಸ್ತ್ರವಂತೂ ಪಠ್ಯಪುಸ್ತಕದ ಹಾಳೆ ಹರಿದು ಓದಿದಂತಿದೆ. ಇಂತಹ ಒರಟುತನವೇ ಚಿತ್ರಕ್ಕೆ ಕನಸಿನ ಗುಣ ತಂದಿತೆಂದು ಅಭಿಮಾನಿಗಳು ವಾದಿಸುತ್ತಾರೆ. ಅರ್ಧ ನಿಜ. ಮಿಕ್ಕರ್ಧ ಪ್ರೀತಿಯ ಪಕ್ಷಪಾತ.

ಆ ಪ್ರೀತಿಗೆ ನಾವು ಋಣಿಗಳೆಂಬುದೂ ಸತ್ಯ. ಬಿಡುಗಡೆಯಾದಾಗ ಚಿತ್ರವನ್ನು ಕೇಳುವವರಿರಲಿಲ್ಲ, ವಿತರಕರು ಮುಳುಗಿದರು. ಅಂದಿನ ಅಮೆರಿಕದ ಕಾನೂನಿನಂತೆ ಪ್ರತಿಗಳ ಮೇಲಿರಬೇಕಾಗಿದ್ದ ಹಕ್ಕುಸ್ವಾಮ್ಯದ ಸೂಚನೆ ಇಲ್ಲದ್ದರಿಂದ ಅದು ಎಲ್ಲರ ಸ್ವತ್ತಾಯಿತು. ರೊಮೆರೊನ ಚಿತ್ರಕ್ಕೂ ಇದೇ ಗತಿಯಾಯಿತು. ತಯಾರಿಸಿದವರಿಗೆ ನಷ್ಟ, ಆದರೆ ಯಾವ ದೂರದರ್ಶನ ಕೇಂದ್ರವೂ ಹಣ ಕೊಡದೆ ತೋರಿಸಬಹುದಾಗಿತ್ತು. ನಿದ್ದೆ ಬಾರದವರು ಅಪರಾತ್ರಿಯಲ್ಲಿ ಕಂಡು, ಹೆಸರೂ ತಿಳಿಯದೆ ವರ್ಷಗಟ್ಟಲೆ ನೆನೆದು, ಒಬ್ಬರಿಗೊಬ್ಬರು ಹೇಳಿಕೊಂಡು ಅದನ್ನು ಬದುಕಿಸಿದರು. 1989ರಲ್ಲಿ ಚಿತ್ರಮಂದಿರಗಳಿಗೆ ಅದು ಮರಳಿದಾಗ ಹಾರ್ವಿ ಜೀವಂತವಾಗಿದ್ದ. ಆತ ತೀರಿಕೊಂಡದ್ದು 1996ರಲ್ಲಿ. ಸಾಲ್ಟೇರ್ ಮಂದಿರವಂತೂ 1970ರಲ್ಲೇ ಸುಟ್ಟುಹೋಗಿತ್ತು.

ಮಕ್ಕಳಿಗೆ ತೋರಿಸಬಹುದೇ ಎಂದು ತಂದೆತಾಯಂದಿರು ಕೇಳುವುದು ನ್ಯಾಯ. ರೊಮೆರೊನ ಚಿತ್ರವನ್ನು ಮಧ್ಯಾಹ್ನದ ಆಟದಲ್ಲಿ ಕಂಡ ಎಳೆಯ ಮಕ್ಕಳು ಅಳುತ್ತ ಕುಳಿತುದನ್ನು ವಿಮರ್ಶಕ ರೋಜರ್ ಈಬರ್ಟ್ 1969ರಲ್ಲಿ ನೊಂದು ಬರೆದಿದ್ದರು. ಅದು ಮಕ್ಕಳ ಚಿತ್ರವಲ್ಲ. ಹಾರ್ವಿಯ ಚಿತ್ರದಲ್ಲಿ ನೆತ್ತರಿಲ್ಲ, ಬತ್ತಲೆಯಿಲ್ಲ. ಆದರೂ ಚಿಕ್ಕವರಿಗೆ ಬೇಡ. ಪ್ರೌಢಶಾಲೆ ಮುಗಿಸಿದವರೊಡನೆ ಹಿರಿಯರೂ ಕುಳಿತು ನೋಡುವುದಾದರೆ, ಎಂಬತ್ತು ನಿಮಿಷಕ್ಕೂ ಕಡಿಮೆಯಾದ ಈ ಚಿತ್ರ ಊಟದ ನಂತರದ ಮಾತಿಗೆ ಬೇಕಾದಷ್ಟು ವಿಷಯ ಒದಗಿಸುತ್ತದೆ. ಮೇರಿ ನದಿಯಲ್ಲೇ ಸತ್ತಿದ್ದಳೆಂಬ ಕೊನೆಯ ಗುಟ್ಟನ್ನು ಮೊದಲೇ ಹೇಳಿದರೂ ನಷ್ಟವಿಲ್ಲ. ಅದಕ್ಕೂ ಮುಂಚಿನ ದೃಶ್ಯವನ್ನು ಗಮನಿಸುವಂತೆ ಹೇಳಿ. ಸಾಲ್ಟೇರಿನ ಮರಳಿನಲ್ಲಿ ಅವಳ ಹೆಜ್ಜೆಗುರುತುಗಳು ಒಂದೆಡೆ ತಟ್ಟನೆ ನಿಂತುಹೋಗಿವೆ. ಅವನ್ನು ನೋಡುತ್ತ ನಿಂತವರಲ್ಲಿ ಪೊಲೀಸರಿದ್ದಾರೆ, ವೈದ್ಯನಿದ್ದಾನೆ, ಅವಳನ್ನು ಕೆಲಸದಿಂದ ತೆಗೆದ ಸಭಾಪಾಲಕರೂ ಇದ್ದಾರೆ.