ಕಾಲಾಳಿಗೆ ಹೆಸರಿಲ್ಲವೇ?

ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡಿ ಉಳಿದ ಮಣ್ಣಿನಲ್ಲಿ ಗುಂಡಗುರ್ತಿಯ ನಮ್ಮ ಕೇರಿಯ ಹುಡುಗರು ಸೈನ್ಯ ಕಟ್ಟುತ್ತಿದ್ದೆವು. ಶಹಾಬಾದ್ ಫರ್ಸಿಯೇ ರಣರಂಗ. ರಾಜ ಯಾರು ಅಂದ್ರ ಎಲ್ಲರೂ "ನಾ, ನಾ" ಅಂತಿದ್ದೆವು. ರಾಜನಿಗೆ ಹೆಸರಿತ್ತು, ಅವನ ಕುದುರೆಗೂ ಹೆಸರಿತ್ತು. ಕಾಲಾಳು ಮಾತ್ರ ಬರೀ ಮಣ್ಣುಂಡೆ. ಅವನ ಊರು ಯಾವುದು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಇಂಗ್ಲೆಂಡಿನಲ್ಲಿ ಇದು ದೊಡ್ಡವರ ಆಟ. 1913ರಲ್ಲಿ ಎಚ್.ಜಿ. ವೆಲ್ಸ್ 'ಲಿಟ್ಲ್ ವಾರ್ಸ್' ಪುಸ್ತಕ ಬರೆದು ಬೊಂಬೆ ಸಿಪಾಯಿಗಳ ಯುದ್ಧಕ್ಕೆ ನಿಯಮ ಕಟ್ಟಿದ. 1983ರಲ್ಲಿ 'ವಾರ್‌ಹ್ಯಾಮರ್' ಬಂತು. ಆಡುವವರು ಬೆರಳುದ್ದದ ಬೊಂಬೆಗಳಿಗೆ ಬಣ್ಣ ಬಳಿಯುತ್ತಾರೆ. ತಮ್ಮ ಸೈನ್ಯಕ್ಕೆ ಹುಟ್ಟಿದ ನೆಲ, ಬಾವುಟ, ಹಳೇ ಸೋಲು, ತೀರದ ಸೇಡು ಎಲ್ಲ ಸೇರಿಸಿ ಒಂದು ಪೂರ್ವಕಥೆ ಕಟ್ಟುತ್ತಾರೆ. ಕಲ್ಪನೆಗೆ ನಾವು ವಿರೋಧಿಗಳಲ್ಲ. ನಮ್ಮ ತಕರಾರು ಬೇರೆ ಇದೆ. ಒಂದು ಕುಲ ಹುಟ್ಟಿನಿಂದಲೇ ಶೂರ, ಇನ್ನೊಂದು ಹುಟ್ಟಿನಿಂದಲೇ ಕ್ರೂರ ಎಂದು ಬರೆಯುವುದು ಇಂಥ ಕಥೆಗಳ ಸುಲಭದ ದಾರಿ. ಹುಟ್ಟಿನಿಂದ ಗುಣ ತೂಗುವ ಈ ತಕ್ಕಡಿ ನಮಗೇನು ಹೊಸದೇ?

ಜೀವಂತ ಮನುಷ್ಯರ ಮೇಲೂ ಈ ಆಟ ನಡೆದಿದೆ. 1818ರ ಜನವರಿ 1ರಂದು ಪುಣೆ ಬಳಿಯ ಕೋರೆಗಾಂವದಲ್ಲಿ ಮಹಾರರು ಕಂಪನಿಯ ಪರವಾಗಿ ಪೇಶ್ವೆಯ ಸೈನ್ಯದೊಂದಿಗೆ ಕಾದಾಡಿದರು. ಅಲ್ಲಿಯ ಕಂಬದಲ್ಲಿ ಮಡಿದವರ ಹೆಸರುಗಳಿವೆ; 'ನಾಕ' ಎಂದು ಮುಗಿಯುವ 22 ಹೆಸರು ಮಹಾರರವು. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲರೂ ಸೈನ್ಯದಲ್ಲಿ ಸುಬೇದಾರರು. ಆದರೆ 1857ರ ನಂತರ ಇಂಗ್ಲಿಷ್ ಅಧಿಕಾರಿಗಳು 'ಯೋಧ ಜನಾಂಗ' ಎಂಬ ಕಥೆ ಹೊಸೆದರು. ಯಾವ ಜಾತಿ ಶೂರ, ಯಾವುದು ಅಲ್ಲ ಎಂದು ಕೈಪಿಡಿಗಳನ್ನೇ ಬರೆದರು. 1890ರ ದಶಕದಲ್ಲಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿತು. ಮೊದಲ ಮಹಾಯುದ್ಧಕ್ಕೆ ಬೇಕಾದಾಗ ಕರೆದರು, ಮುಗಿದ ಮೇಲೆ ಮತ್ತೆ ಮನೆಗೆ ಕಳಿಸಿದರು. ಒಂದು ಸುಳ್ಳು ಕಥೆ ಎಷ್ಟೋ ಮನೆಗಳ ರೊಟ್ಟಿ ಕಸಿಯಿತು.

ಆ ಕಂಬ ಕಂಪನಿ ತನ್ನ ಗೆಲುವಿಗೆ ನಿಲ್ಲಿಸಿದ್ದು. 1927ರ ಜನವರಿ 1ರಂದು ಅಂಬೇಡ್ಕರರು ಅದರ ಮುಂದೆ ನಿಂತರು. ಅಂದಿನಿಂದ ಆ ಕಲ್ಲು ಕಂಪನಿಯ ಕಥೆ ಬಿಟ್ಟು ಕಾಲಾಳುಗಳ ಕಥೆ ಹೇಳತೊಡಗಿತು. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು. ಕಥೆ ಬರೀ ಬಣ್ಣವಲ್ಲ ಗೆಳೆಯರೇ. ಯಾರಿಗೆ ಕೆಲಸ, ಯಾರಿಗೆ ಮಾನ ಎಂದು ಅದು ತೀರ್ಮಾನಿಸುತ್ತದೆ.

ನಮ್ಮನ್ನೂ ನಾವು ಬಿಡಬಾರದು. ನಮ್ಮ ಪದ್ಯಗಳಲ್ಲೂ ನಾಯಕನಿಗೆ ಮುಖ ಇದೆ, 'ಜನ' ಅಂದ್ರ ಇನ್ನೂ ಹೆಸರಿಲ್ಲದ ಗುಂಪು.

ಹಳ್ಳಿಯ ಮಾಸ್ತರರೇ, ಮಕ್ಕಳು ಮಣ್ಣಿನ ಸೈನ್ಯ ಕಟ್ಟಿದರೆ ಬೈಯಬೇಡಿ, ಕೇಳಿ: ಈ ಕಾಲಾಳಿನ ಅವ್ವನ ಹೆಸರೇನು? ಇವನ ಕೆರ ಹೊಲಿದವರು ಯಾರು? ಯುದ್ಧ ಮುಗಿದ ಮೇಲೆ ಹೆಣ ಹೊತ್ತವರು ಯಾರು? ಗೆದ್ದು ಬಂದ ಮೇಲೆ ಇವನಿಗೆ ಊರ ಬಾವಿ ನೀರು ಸಿಗತದೋ ಇಲ್ಲೋ?