ಉತ್ತರೆ ಮಳೆಯ ಹಿತ್ತಲು

ಶಿರಾ ತಾಲ್ಲೂಕಿನ ಬರಗೂರು ಸೀಮೆಯಲ್ಲಿ ಈಗ ಎರಡು ಬಗೆಯ ಕೈತೋಟ ಕಾಣುತ್ತವೆ. ಮನೆ ಮುಂದೆ, ಕಾಂಪೌಂಡಿನೊಳಗೆ, ನರ್ಸರಿಯ ಕ್ರೋಟನ್ನು, ಕುಂಡದಲ್ಲಿ ಪಾಮ್ ಗಿಡ, ಉಳಿದ ನೆಲಕ್ಕೆಲ್ಲ ಸಿಮೆಂಟು. ಮನೆ ಹಿಂದೆ, ಜಾಗ ಉಳಿದಿದ್ದರೆ, ಹಳೆಯ ಹಿತ್ತಲು: ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬೇಲಿ ಪಕ್ಕ ನುಗ್ಗೆ, ಅವರೆ ಚಪ್ಪರ, ನಿಂಬೆ, ಕರಿಬೇವು, ಮೂಲೆಯಲ್ಲಿ ಯಾರೂ ನೆಡದೆ ಬಂದ ಎಕ್ಕ. ಹಕ್ಕಿ, ಚಿಟ್ಟೆ, ಜೇನು, ಕಪ್ಪೆಗಳ ಕಡೆಯಿಂದ ನೋಡಿದರೆ ಎರಡನೆಯದೇ ಮೇಲು. ಹಾಗೆಂದು ಅದನ್ನು ಕಣ್ಣುಮುಚ್ಚಿ ಹೊಗಳುವ ಹಾಗೂ ಇಲ್ಲ.

ಮೊದಲು ಕಾಲದ ಮಾತು. ಜೂನ್ 5ರ ಪರಿಸರ ದಿನಕ್ಕೆ, ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಸಸಿ ಹಂಚುತ್ತಾರೆ. ವನಮಹೋತ್ಸವವನ್ನು 1950ರಲ್ಲಿ ಕೆ.ಎಂ. ಮುನ್ಶಿ ಆರಂಭಿಸಿದ್ದು ಇಡೀ ದೇಶಕ್ಕೆ. ಮಲೆನಾಡಿಗೆ ಆ ತಾರೀಕು ಒಪ್ಪುತ್ತದೆ, ಶಿರಾ ಪಾವಗಡಗಳಿಗೆ ಒಪ್ಪುವುದಿಲ್ಲ. ಘಟ್ಟದ ಮೇಲೆ ಸುರಿದು ಬರಿದಾದ ಮೋಡ ಇಲ್ಲಿಗೆ ಬರುತ್ತದೆ; ಜುಲೈಯಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ವರ್ಷದ ಸುಮಾರು 500-600 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಂದರೆ ಉತ್ತರೆ, ಹಸ್ತೆ, ಚಿತ್ತೆ ಮಳೆಗಳಲ್ಲಿ. ಆರಿದ್ರೆಯಲ್ಲಿ ನೆಟ್ಟ ಸಸಿಯನ್ನು ಎರಡು ತಿಂಗಳು ಬಿಂದಿಗೆ ನೀರಿನಿಂದ ಬದುಕಿಸಬೇಕು. ಉತ್ತರೆಯಲ್ಲಿ ನೆಟ್ಟದ್ದು ತಾನೇ ಬೇರು ಬಿಡುತ್ತದೆ. ಮಳೆಯ ಹೆಸರು ಹಿಡಿದು ಗಿಡ ಹಾಕುತ್ತಿದ್ದ ಅಜ್ಜಿಯರ ಲೆಕ್ಕ ಇಲ್ಲಿ ಸರ್ಕಾರಿ ಕ್ಯಾಲೆಂಡರಿಗಿಂತ ಸರಿ.

ಹಳೆಯ ಹಿತ್ತಲಿನ ದೊಡ್ಡ ಗುಣ ಇರುವುದು ಅದರ ಎಲೆಗಳಲ್ಲಿ. ಹೂವಿದ್ದರೆ ಚಿಟ್ಟೆ ಬರುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಹೂವಿಗೆ ಬರುವುದು ದಾರಿಹೋಕ ಚಿಟ್ಟೆ, ಸಂಸಾರ ಹೂಡುವುದಕ್ಕೆ ಅದಕ್ಕೆ ಎಲೆ ಬೇಕು, ಅದೂ ತನ್ನದೇ ಗಿಡದ ಎಲೆ. ನಿಂಬೆ ಚಿಟ್ಟೆಯ ಹುಳು ನಿಂಬೆ ಜಾತಿಯ ಎಳೆ ಚಿಗುರನ್ನು ತಿಂದು ಬೆಳೆಯುತ್ತದೆ. ಚಿಕ್ಕದಿರುವಾಗ ಥೇಟ್ ಹಕ್ಕಿ ಹಿಕ್ಕೆಯಂತೆ ಕಂಡು ಹಕ್ಕಿಯಿಂದಲೇ ಪಾರಾಗುತ್ತದೆ. ಎಕ್ಕದ ಎಲೆಯ ಮೇಲಿನ ಕಪ್ಪು ಹಳದಿ ಪಟ್ಟೆಯ ಹುಳು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ತಂಗಡಿಗೂ ತನ್ನದೇ ಚಿಟ್ಟೆಬಳಗವಿದೆ. ತೂತಿಲ್ಲದ ಎಲೆಯೇ ಚೆಂದ ಎನ್ನುವ ಮನಸ್ಸು ಬಂದ ದಿನವೇ ಕರಿಬೇವಿಗೆ ಔಷಧಿ ಹೊಡೆಯುವುದು ಶುರುವಾಗುತ್ತದೆ. ಅದೇ ಕರಿಬೇವು ಒಗ್ಗರಣೆಗೂ ಬೀಳುತ್ತದೆ ಎಂಬುದನ್ನು ಮರೆಯುತ್ತೇವಲ್ಲ, ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಗುಬ್ಬಿಯ ವಿಚಾರದಲ್ಲೂ ಇದೇ ಎಡವಟ್ಟು. ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ರಟ್ಟಿನ ಗೂಡು ತೂಗುಹಾಕಿ ಅಕ್ಕಿನುಚ್ಚು ಚೆಲ್ಲುತ್ತೇವೆ. ಮಣ್ಣಿನ ಮಾಳಿಗೆ ಮನೆಗಳ ತೊಲೆ ಜಂತೆಗಳ ಸಂದು ಆರ್‌ಸಿಸಿಯಲ್ಲಿ ಇಲ್ಲ, ಆದ್ದರಿಂದ ಗೂಡು ಬೇಕು, ಒಪ್ಪುತ್ತೇನೆ. ಆದರೆ ಕಾಳು ತಿನ್ನುವ ಗುಬ್ಬಿಯೂ ಮರಿಗೆ ಕೊಡುವುದು ಹುಳುವನ್ನೇ. ಹುಳುವಿಲ್ಲದ ಅಂಗಳದಲ್ಲಿ ನುಚ್ಚು ದೊಡ್ಡ ಹಕ್ಕಿಯ ಹೊಟ್ಟೆ ತುಂಬಿಸುತ್ತದೆ, ಸಂಸಾರ ಬೆಳೆಸುವುದಿಲ್ಲ. ಬೇಸಿಗೆಯಲ್ಲಿ ನೀರಿಡುವ ರೂಢಿ ಒಳ್ಳೆಯದು; ದಿನಾ ತೊಳೆದು ತುಂಬಿಸದಿದ್ದರೆ ಅದು ಸೊಳ್ಳೆಯ ತೊಟ್ಟಿಲು.

ಮರ ನೆಟ್ಟರೆ ಸಾಕು ಎನ್ನುವುದೂ ಪೂರ್ತಿ ನಿಜವಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಆದದ್ದು ಕಾಡಿದೆಯೆಂದಲ್ಲ, ಹುಲ್ಲುಬಯಲಿದೆಯೆಂದು. ಹಿತ್ತಲಲ್ಲೂ ಬಿಸಿಲು ಬೀಳುವ ಒಂದಿಷ್ಟು ಬರಿನೆಲ ಬೇಕು. ಒಂಟಿಯಾಗಿ ಬಾಳುವ ಎಷ್ಟೋ ಜೇನುಜಾತಿಗಳು ಗೂಡು ತೋಡುವುದು ಮಣ್ಣಿನಲ್ಲೇ. ಸಿಮೆಂಟು ಹಾಕಿದಾಗ ಮುಚ್ಚಿಹೋಗುವುದು ಅವುಗಳ ಬಾಗಿಲು. ಮಳೆಯಾದ ಮೇಲೆ ತಾನಾಗಿ ಎದ್ದ ತುಂಬೆಯನ್ನು ಕಳೆಯೆಂದು ಕಿತ್ತು, ಶಿವರಾತ್ರಿಗೆ ಅದೇ ಹೂವನ್ನು ಹುಡುಕಿಕೊಂಡು ಹೊಲಕ್ಕೆ ಹೋಗುತ್ತೇವೆ.

ಮನುಷ್ಯರ ಮಗ್ಗುಲಲ್ಲೇ ಜೀವಿಗಳು ಬದುಕುವುದಕ್ಕೆ ಶಿರಾ ತಾಲ್ಲೂಕಿನ ಕಗ್ಗಲಡುವಿಗಿಂತ ದೊಡ್ಡ ಸಾಕ್ಷಿ ಬೇಡ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಹುಣಸೆ ಬಡಿಯುವ ಕಾಲವೂ ಅವು ಮರಿ ಮಾಡುವ ಕಾಲವೂ ಬಹುಮಟ್ಟಿಗೆ ಒಂದೇ. ಮೇಲಿಂದ ಹಿಕ್ಕೆ, ಮೀನಿನ ನಾತ, ಹಗಲು ರಾತ್ರಿ ಗದ್ದಲ. ಅಷ್ಟನ್ನೂ ಸಹಿಸಿಕೊಂಡು ಜನ ಕೆಳಗೆ ಬದುಕುತ್ತಾರೆ. ಯಾವ ಪಕ್ಷಿಗೂಡಿನ ಪೆಟ್ಟಿಗೆಗಿಂತಲೂ ಈ ಸಹನೆ ದೊಡ್ಡದು.

ಇನ್ನು ಹಿತ್ತಲಿನ ದೋಷಗಳು. ಸೀಗೆಕಾಯಿ, ಬೂದಿಯ ಕಾಲದ ಬಚ್ಚಲ ನೀರಲ್ಲ ಇವತ್ತಿನದು. ಸೋಪಿನ ಪುಡಿಯ ನೊರೆಯನ್ನು ನೇರ ಬುಡಕ್ಕೆ ಬಿಡುವುದು ಸರಿಯಲ್ಲ. ಎರಡನೆಯದು, ಮಾಘದಲ್ಲಿ ತರಗು ಗುಡಿಸಿ ಬೆಂಕಿ ಇಡುವ ಚಾಳಿ. ನಾಲ್ಕು ತಿಂಗಳ ಬಿಸಿಲಿಗೆ ನೆಲ ಕಾಯಬೇಕಾದ ಹೊದಿಕೆಯನ್ನೇ ಸುಟ್ಟು, ಬಳಿಕ ಬೋರ್‌ವೆಲ್ ನೀರು ಹಾಯಿಸುತ್ತೇವೆ. ತರಗಿನಲ್ಲಿ ಕೊಳಕುಮಂಡಲ ಇರಬಹುದೆಂಬ ಹೆದರಿಕೆ ಸುಳ್ಳಲ್ಲ, ಮಕ್ಕಳಿರುವ ಮನೆಯವರಿಗೆ ಅದನ್ನು ತಳ್ಳಿಹಾಕಲು ಯಾರೂ ಹೇಳಬಾರದು. ಗುಡ್ಡೆಯನ್ನು ಬಚ್ಚಲ ಬಾಗಿಲಿಗೆ ಒತ್ತಿಸದೆ ಹಿತ್ತಲಿನ ತುದಿಗೆ ಹಾಕಿ, ನಡೆಯುವ ದಾರಿಯನ್ನು ಬರಿದಾಗಿಟ್ಟು, ರಾತ್ರಿ ಬ್ಯಾಟರಿ ಹಿಡಿದು ಓಡಾಡಿದರೆ ಗೊಬ್ಬರವೂ ಉಳಿಯುತ್ತದೆ, ಗೋಂದ್ರುಗಪ್ಪೆಗೂ ಜಾಗ ಸಿಗುತ್ತದೆ.

ಎಲ್ಲ ಹುಳುವನ್ನೂ ಬಿಟ್ಟುಬಿಡಿ ಎಂದೂ ನಾನು ಹೇಳುವುದಿಲ್ಲ. ನುಗ್ಗೆಯ ಕಂಬಳಿಹುಳು ಮೈಗೆ ತಾಕಿದರೆ ತುರಿಕೆ, ದದ್ದು. ಮರದ ಎಲೆಯನ್ನೂ ಬರಿದು ಮಾಡುತ್ತದೆ. ಅವು ಹಗಲು ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿರುವಾಗ ಪಂಜಿನಿಂದ ಅಷ್ಟನ್ನೇ ಸುಡುವ ಹಳೆಯ ರೀತಿ ಕ್ರೂರವಾಗಿ ಕಂಡರೂ ನ್ಯಾಯವಾದದ್ದು. ಹೂ ತುಂಬಿದ ಮರಕ್ಕೆ ಮೇಲಿನಿಂದ ಕೆಳಗೆ ಔಷಧಿ ಹೊಡೆಯುವವರು ಹುಳುವಿನ ಜೊತೆಗೆ ಕಪ್ಪು ದುಂಬಿಯನ್ನೂ ಕೊಲ್ಲುತ್ತಾರೆ. ನುಗ್ಗೆ ಹೂವನ್ನು ಕಾಯಾಗಿಸುವವರಲ್ಲಿ ಆ ದುಂಬಿ ಮುಖ್ಯ. ಅದು ಗೂಡು ಕೊರೆಯುವುದು ಒಣಗಿದ ಮರದಲ್ಲಿ. ಹಿತ್ತಲಿನ ಒಣ ಕೊರಡೊಂದನ್ನು ಒಲೆಗೆ ಹಾಕದೆ ಬೇಲಿಗೆ ಒರಗಿಸಿ ಬಿಟ್ಟರೆ ಅದಕ್ಕೆ ಮನೆಯಾಗುತ್ತದೆ.