ಬೆಳಕಿನ ಮಿಡಿತದಿಂದ ಶಾಖದ ಅಳತೆ: ಬಲ ಮತ್ತು ಮಿತಿ

ಸಿಲಿಕಾನಿನಲ್ಲಿ 100 ನ್ಯಾನೊಮೀಟರ್ ದೂರ ಹರಡಲು ಶಾಖಕ್ಕೆ ಸುಮಾರು 100 ಪಿಕೊಸೆಕೆಂಡ್ ಸಾಕು. ಇಷ್ಟು ಕಿರಿದಾದ ಜಾಗದಲ್ಲಿ, ಇಷ್ಟು ಕಿರಿದಾದ ಅವಧಿಯಲ್ಲಿ ತಾಪವನ್ನು ಗುರುತಿಸುವುದು ಸಾಮಾನ್ಯ ಥರ್ಮಾಮೀಟರಿನ ಕೈಲಾಗದ ಕೆಲಸ. ಪಿಕೊಸೆಕೆಂಡಿಗಿಂತಲೂ ಚಿಕ್ಕದಾದ ಲೇಸರ್ ಮಿಡಿತಗಳಿಗೆ ಅದು ಸಾಧ್ಯ. ಪಾಡಕ್ ಮತ್ತು ಈಸ್ಲಿ ಎಂಬ ಸಂಶೋಧಕರು 1986ರಲ್ಲಿ ತೆಳು ಲೋಹಪದರಗಳ ಮೇಲೆ ಪ್ರಯೋಗಿಸಿ ಪ್ರಕಟಿಸಿದ ಈ ವಿಧಾನಕ್ಕೆ, ಇಲಿನಾಯ್ ವಿಶ್ವವಿದ್ಯಾಲಯದ ಡೇವಿಡ್ ಕೇಹಿಲ್ 2004ರಲ್ಲಿ ಭದ್ರವಾದ ಗಣಿತ ಒದಗಿಸಿದರು. ಟೈಮ್-ಡೊಮೈನ್ ಥರ್ಮೊರಿಫ್ಲೆಕ್ಟೆನ್ಸ್, ಅಂದರೆ ಟಿಡಿಟಿಆರ್, ಎಂಬುದು ಅದರ ಹೆಸರು.

ಪರೀಕ್ಷಿಸಬೇಕಾದ ವಸ್ತುವಿನ ಮೇಲೆ ಸುಮಾರು 80 ನ್ಯಾನೊಮೀಟರ್ ದಪ್ಪದ ಅಲ್ಯೂಮಿನಿಯಂ ಲೇಪಿಸುತ್ತಾರೆ. ಲೇಸರ್ ಬೆಳಕನ್ನು ಎರಡಾಗಿ ಸೀಳಿ, ಒಂದು ಮಿಡಿತದಿಂದ ಲೇಪನವನ್ನು ಕಾಯಿಸುತ್ತಾರೆ. ತುಸು ತಡವಾಗಿ ಬರುವ ದುರ್ಬಲ ಮಿಡಿತ ಅದೇ ಜಾಗಕ್ಕೆ ಬಿದ್ದು ಪ್ರತಿಫಲಿಸುತ್ತದೆ. ಲೋಹ ಬಿಸಿಯಾದಾಗ ಅದರ ಪ್ರತಿಫಲನ ಕೊಂಚ ಬದಲಾಗುವುದರಿಂದ, ಮರಳಿದ ಬೆಳಕಿನ ಪ್ರಮಾಣವೇ ತಾಪದ ಸೂಚಕ. ಎರಡು ಮಿಡಿತಗಳ ನಡುವಿನ ಅಂತರವನ್ನು ನಿರ್ಧರಿಸುವುದು ಹಳಿಯ ಮೇಲೆ ಸರಿಯುವ ಕನ್ನಡಿ: ಅದನ್ನು 15 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಬೆಳಕು ಹೋಗಿಬರುವ ದಾರಿ 30 ಸೆಂಟಿಮೀಟರ್ ಹೆಚ್ಚಿ, 1 ನ್ಯಾನೊಸೆಕೆಂಡ್ ತಡವಾಗುತ್ತದೆ. ಅಲ್ಯೂಮಿನಿಯಂ 1 ಡಿಗ್ರಿ ಬಿಸಿಯಾದರೆ ಪ್ರತಿಫಲನದಲ್ಲಾಗುವ ವ್ಯತ್ಯಾಸ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಕಾಯಿಸುವ ಕಿರಣವನ್ನು ಸೆಕೆಂಡಿಗೆ ಸುಮಾರು 1 ಕೋಟಿ ಸಲ ಏರಿಳಿಸಿ, ಅದೇ ಲಯದಲ್ಲಿ ಬರುವ ಸಂಕೇತವನ್ನಷ್ಟೇ ಲಾಕ್-ಇನ್ ಆಂಪ್ಲಿಫೈಯರಿನಿಂದ ಹೆಕ್ಕಿ ತೆಗೆಯುತ್ತಾರೆ.

ವಿಧಾನದ ದೊಡ್ಡ ಗುಣವೆಂದರೆ ಮಾದರಿ ತೀರಾ ಚಿಕ್ಕದಿದ್ದರೂ ನಡೆಯುತ್ತದೆ. ಎರಡು ಪದರಗಳ ಸಂಧಿಯಲ್ಲಿ ಶಾಖಕ್ಕೆ ಒದಗುವ ತಡೆಯೂ ಅಳತೆಗೆ ಸಿಗುತ್ತದೆ. ಚಿಕ್ಕ ಮಾದರಿಯ ಅಳತೆಗೆ ಬೋರಾನ್ ಆರ್ಸೆನೈಡ್ ಒಳ್ಳೆಯ ಸಾಕ್ಷಿ. ಈ ವಸ್ತುವಿನ ಉಷ್ಣವಾಹಕತೆ ಅಸಾಧಾರಣವಾಗಿರಬೇಕು ಎಂದು 2013ರಲ್ಲಿ ಲೆಕ್ಕಾಚಾರ ಹೇಳಿತ್ತು. ದೊಡ್ಡ ಹರಳು ಬೆಳೆಯುವುದು ಕಷ್ಟವಾಗಿದ್ದರೂ 2018ರಲ್ಲಿ ಮೂರು ತಂಡಗಳು ಪುಟ್ಟ ಹರಳುಗಳನ್ನು ಅಳೆದು, ಪ್ರತಿ ಮೀಟರಿಗೆ ಪ್ರತಿ ಕೆಲ್ವಿನ್‌ಗೆ ಸುಮಾರು 1000ದಿಂದ 1300 ವ್ಯಾಟ್ ಎಂದು ತೋರಿಸಿದವು. ಸಿಲಿಕಾನಿನದು ಸುಮಾರು 150.

ಮಿತಿಯೂ ಅಷ್ಟೇ ಸ್ಪಷ್ಟ. ಪ್ರಯೋಗದಲ್ಲಿ ನೇರವಾಗಿ ಸಿಗುವುದು ಪ್ರತಿಫಲನ. ಉಷ್ಣವಾಹಕತೆಯನ್ನು ಗಣಿತದ ಮೂಲಕ ಹೊರತೆಗೆಯಬೇಕು. ಅಲ್ಯೂಮಿನಿಯಂ ದಪ್ಪವನ್ನು ತಪ್ಪಾಗಿ ತಿಳಿದರೆ ಆ ತಪ್ಪು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಉತ್ತರಕ್ಕೂ ದಾಟುತ್ತದೆ. ಇನ್ನೂ ಗಂಭೀರವಾದುದು ಆ ಗಣಿತದ ಬುನಾದಿ. ಅದು ತಾಪದ ಇಳಿಜಾರಿಗೆ ಅನುಗುಣವಾಗಿ ಶಾಖ ಹರಿಯುತ್ತದೆ ಎನ್ನುವ ಫೊರಿಯೆ ನಿಯಮ. ಆದರೆ ಸಿಲಿಕಾನಿನಲ್ಲಿ ಶಾಖ ಹೊರುವ ಹರಳಿನ ಕಂಪನಗಳಾದ ಅನೇಕ ಫೋನಾನ್‌ಗಳು ಸಾವಿರ ನ್ಯಾನೊಮೀಟರಿಗೂ ಹೆಚ್ಚು ದೂರ ಅಡೆತಡೆಯಿಲ್ಲದೆ ಸಾಗುತ್ತವೆ. ಅಲ್ಲಿ ಆ ನಿಯಮ ನಿಲ್ಲುವುದಿಲ್ಲ. ಅರೆವಾಹಕ ಮಿಶ್ರಲೋಹಗಳಲ್ಲಿ ಏರಿಳಿತದ ಲಯ ಬದಲಿಸಿದಂತೆ ಉತ್ತರವೂ ಬದಲಾಗುವುದನ್ನು ಕೋ ಮತ್ತು ಕೇಹಿಲ್ 2007ರಲ್ಲಿಯೇ ತೋರಿಸಿದ್ದಾರೆ. ಹಾಗಾಗಿ ಒಂದೇ ಲಯದಲ್ಲಿ ಅಳೆದು ಒಂದೇ ಸಂಖ್ಯೆ ಕೊಡುವ ವರದಿಯನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ನೀಗುವುದು ಕ್ಷಣಿಕ ಗ್ರೇಟಿಂಗ್ ವಿಧಾನ. ಎರಡು ಮಿಡಿತಗಳು ಅಡ್ಡಹಾಯ್ದು ವಸ್ತುವಿನ ಮೇಲೆ ಬಿಸಿ-ತಂಪು ಪಟ್ಟೆಗಳನ್ನು ಮೂಡಿಸುತ್ತವೆ. ಮೂರನೆಯ ಕಿರಣ ಅವುಗಳಿಂದ ಚದುರುತ್ತದೆ. ಪಟ್ಟೆಗಳು ಮಾಸುವ ವೇಗವೇ ಶಾಖ ಹರಡುವ ವೇಗದ ಸೂಚಕ. ಲೋಹದ ಲೇಪನ ಬೇಕಿಲ್ಲ. ಶಾಖ ಕ್ರಮಿಸಬೇಕಾದ ದೂರವನ್ನು ಪ್ರಯೋಗಕಾರರೇ ನಿಗದಿಮಾಡಬಹುದು. 2013ರಲ್ಲಿ ಎಂಐಟಿಯ ತಂಡ ಇದೇ ದಾರಿಯಲ್ಲಿ, ಕೋಣೆಯ ತಾಪದಲ್ಲಿಯೇ ತೆಳು ಸಿಲಿಕಾನ್ ಪೊರೆಯಲ್ಲಿ ಫೊರಿಯೆ ನಿಯಮ ಸಡಿಲವಾಗುವುದನ್ನು ಕಂಡಿತು. ಇಂಥ ತೆಳು ಗ್ರೇಟಿಂಗ್‌ಗಳಿಂದ ಬೆಳಕು ಚದುರುವ ಸಿದ್ಧಾಂತ ಹುಟ್ಟಿದ್ದು ಬೆಂಗಳೂರಿನಲ್ಲಿ. ಶ್ರವಣಾತೀತ ತರಂಗಗಳಿಂದ ಬೆಳಕಿನ ವಿವರ್ತನೆ ಕುರಿತು ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಪ್ರಕಟಿಸಿದ ಲೇಖನಗಳಿಂದಾಗಿ ಅದಕ್ಕೆ ಇಂದಿಗೂ ರಾಮನ್-ನಾಥ್ ವಿವರ್ತನೆ ಎಂದೇ ಹೆಸರು.

ಎಲ್ಲ ವಸ್ತುವಿಗೂ ಇಷ್ಟು ಸೂಕ್ಷ್ಮ ಸಾಧನ ಬೇಕಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕನಿಷ್ಕ ಬಿಸ್ವಾಸ್ ತಂಡ 2021ರಲ್ಲಿ ಬೆಳ್ಳಿ-ಆಂಟಿಮನಿ ಟೆಲ್ಯುರೈಡ್‌ನ ಉಷ್ಣವಿದ್ಯುತ್ ದಕ್ಷತಾಂಕವನ್ನು 2.6ಕ್ಕೆ ಏರಿಸಿತು. ಅಂಥ ಗಟ್ಟಿ ತುಂಡುಗಳಿಗೆ ಒಂದು ಮುಖವನ್ನು ಬೆಳಕಿನಿಂದ ಕಾಯಿಸಿ ಇನ್ನೊಂದು ಮುಖದ ತಾಪ ಅಳೆಯುವ 1961ರ ಫ್ಲ್ಯಾಶ್ ವಿಧಾನವೇ ಸಾಕು. ತೆಳುಪದರ, ಚಿಪ್, ಸಂಧಿಗಳ ಅಧ್ಯಯನಕ್ಕೆ ಮಾತ್ರ ಇಂಥ ಸೂಕ್ಷ್ಮ ವಿಧಾನ ಬೇಕು.

ಇಂಥ ಅಧ್ಯಯನ ದೊಡ್ಡ ನಗರಗಳಿಗಷ್ಟೇ ಸೀಮಿತವಾಗಬೇಕಿಲ್ಲ. ಧಾರವಾಡದಲ್ಲಿ 1949ರ ಕರ್ನಾಟಕ ವಿಶ್ವವಿದ್ಯಾಲಯವೂ 2016ರಲ್ಲಿ ಶುರುವಾದ ಐಐಟಿಯೂ ಇವೆ. ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಆದರೆ ಟಿಡಿಟಿಆರ್‌ಗೆ ಬೇಕಾದ ಫೆಮ್ಟೊಸೆಕೆಂಡ್ ಲೇಸರ್ ದುಬಾರಿ. ಅದಕ್ಕೆ ಕಂಪನವಿಲ್ಲದ ಮೇಜು, ಏರುಪೇರಿಲ್ಲದ ಕೋಣೆ, ನುರಿತ ಕೈ ಎಲ್ಲವೂ ಬೇಕು. ಆದ್ದರಿಂದ ಇಂಥ ಊರುಗಳ ಪ್ರಯೋಗಾಲಯಗಳು ಎಡೆಬಿಡದೆ ಉರಿಯುವ ಅಗ್ಗದ ಡಯೋಡ್ ಲೇಸರುಗಳಲ್ಲೇ ನಡೆಯುವ ಫ್ರೀಕ್ವೆನ್ಸಿ-ಡೊಮೈನ್ ಥರ್ಮೊರಿಫ್ಲೆಕ್ಟೆನ್ಸ್, ಅಂದರೆ ಎಫ್‌ಡಿಟಿಆರ್‌ನಿಂದ ಆರಂಭಿಸುವುದು ವಿವೇಕ. ಅದರ ಗಣಿತವೂ ಟಿಡಿಟಿಆರ್‌ನ ಜಾತಿಯದೇ. ಅದನ್ನು ಕಲಿತ ವಿದ್ಯಾರ್ಥಿಗೆ ಟಿಡಿಟಿಆರ್ ದೂರವಾಗದು. ಯಾವ ಉಪಕರಣವೇ ಇರಲಿ, ಸಂಖ್ಯೆಯ ಜೊತೆಗೆ ಯಾವ ಲಯದಲ್ಲಿ, ಎಷ್ಟು ದಪ್ಪದ ಲೇಪನದ ಮೇಲೆ, ಯಾವ ನಿಯಮ ನಂಬಿ ಅದನ್ನು ಪಡೆಯಲಾಯಿತು ಎಂಬುದನ್ನೂ ಹೇಳಿದಾಗಲೇ ಆ ಅಳತೆ ನಂಬಿಕೆಗೆ ಅರ್ಹ.